ಗಿರಣಿಯವನು

ಜೂನ್ ಬಂತೆಂದರೆ ಎಫೀಮಿಯಾ ಅಜ್ಜಿಯ ಅಡುಗೆಮನೆ
ಇವುಗಳದ್ದು.
ಪರದೆಯ ಮಡಿಕೆಯಲ್ಲಿ, ಬೂಟಿನೊಳಗೆ,
ಒಮ್ಮೆ ಕಾಫಿ ಬಟ್ಟಲಲ್ಲೂ.
ಕಂದು ಪತಂಗ, ಹೆಬ್ಬೆಟ್ಟಿನ ಉಗುರಿಗಿಂತ ತುಸು ದೊಡ್ಡದು,
ಮುಟ್ಟಿದರೆ ಬೆರಳಿಗೆ ಹಿಟ್ಟು.
ಅದಕ್ಕೇ ಗೆರಿಂಗ್ ಊರಿನವರು
ಗಿರಣಿಯವನು ಅನ್ನುತ್ತಾರೆ.

ಅಮ್ಮ ದೀಪದಡಿ ಬಕೆಟ್ ಇಡುತ್ತಾಳೆ, ಸೋಪಿನ ನೀರು ತುಂಬಿ.
ಬೆಳಗಾದರೆ ಮುನ್ನೂರು, ನಾನೂರು.
ಅಜ್ಜಿ ನಡುರಾತ್ರಿ ಎದ್ದು ದೀಪ ಆರಿಸುತ್ತಾಳೆ.
ಕೇಳಿದರೆ, ಕರೆಂಟು ಬಿಲ್ಲು, ಅನ್ನುತ್ತಾಳೆ.

ನಿಜ ಹೇಳಿದ್ದು ಒಂದೇ ಸಲ, ಕಾಳು ಆರಿಸುತ್ತಾ:
"ಇವನೂ ನಾನೂ
ಶ್ಲಾಟ್‌ಹಾವರನ ಹೊಲದಲ್ಲಿ ಒಟ್ಟಿಗೆ ದುಡಿದವರು."

ಸಕ್ಕರೆ ಬೀಟಿನ ಸಾಲು. ಮೊಳಕೆ ಒತ್ತೊತ್ತು,
ಗೇಣಿಗೆ ಹತ್ತು.
ಗಿಡ್ಡ ಹಿಡಿಯ ಗುದ್ದಲಿ;
ಯಾರಾದರೂ ನೆಟ್ಟಗೆ ನಿಂತರೆ
ಮೈಗಳ್ಳರೆಂದು ದೂರದಿಂದಲೇ ಕಾಣಬೇಕಲ್ಲ.
ಗೇಣಿಗೊಂದು ಬಿಡು, ಮಿಕ್ಕದ್ದು ಕಡಿ.
ಯಾವ ಒಂದನ್ನು ಬಿಡಬೇಕೆಂದು
ಒಂಬತ್ತು ವರ್ಷದವಳಿಗೆ ಯಾರೂ ಹೇಳಿಕೊಡಲಿಲ್ಲ.

ಮಣ್ಣು ಕೆದಕಿದರೆ ಇವನು, ಹುಳುವಾಗಿದ್ದ ಕಾಲದ ಇವನು,
ಬೂದುಬಣ್ಣ, ಸುರುಳಿ ಸುತ್ತಿ ಮಲಗಿದ್ದ.
ರಾತ್ರಿಯೆಲ್ಲ ಕಾಂಡ ಕತ್ತರಿಸಿದ ದಣಿವು.
"ನನ್ನದು ಹಗಲು ಪಾಳಿ, ಅವನದು ರಾತ್ರಿ.
ನಾನು ಕಡಿದದ್ದಕ್ಕೆ ಎಕರೆಗಿಷ್ಟು ಅಂತ ಅಪ್ಪನ ಕೈಗೆ ದುಡ್ಡು.
ಅವನು ಕಡಿದದ್ದಕ್ಕೆ ಹೊಟ್ಟಿನಲ್ಲಿ ಕಲಸಿದ ವಿಷ.
ಎರಚಿದವರೂ ನಾವೇ ಅನ್ನು."

ಇವು ಇಲ್ಲಿ ನಿಲ್ಲುವುದಿಲ್ಲ. ಪಡುವಣಕ್ಕೆ, ಬೆಟ್ಟಕ್ಕೆ,
ಹಿಮ ಕರಗಿದಲ್ಲಿ ಅರಳುವ ಹೂವಿಗೆ.
ಇರುಳು ಮಕರಂದ, ಹಗಲು ಬಂಡೆಸಂದಿಯ ನಿದ್ದೆ.
ಅಲ್ಲಿ ಕರಡಿ ಕಲ್ಲು ಮಗುಚಿ ಮಗುಚಿ ನೆಕ್ಕುತ್ತದಂತೆ,
ದಿನಕ್ಕೆ ಸಾವಿರ ಸಾವಿರ.
ಓದಿ ಹೇಳಿದೆ. ಅಜ್ಜಿ ಸುಮ್ಮನಿದ್ದಳು.
"ಕೊಬ್ಬಿದ್ದನೋ?"
"ತುಂಬ."
"ಹಾಗಾದರೆ ಚೆನ್ನಾಗಿ ಉಂಡಿದ್ದ."

ಆ ಬೆಟ್ಟ, ಬಾನು ತಿಳಿಯಾದ ದಿನ
ನಮ್ಮ ಗರಾಜಿನ ಹಿಂದಿನಿಂದ ಕಾಣುತ್ತದೆ, ಒಂದು ನೀಲಿ ಗೆರೆ.
ಕಾರಿನಲ್ಲಿ ಮೂರು ಗಂಟೆ.
ಅಜ್ಜಿಗೆ ಎಂಬತ್ತೊಂದು. ಹೋಗಿಲ್ಲ.
ಕೇಳಿದರೆ, ಬೆನ್ನು, ಅನ್ನುತ್ತಾಳೆ.

ಇವತ್ತು ತೋರ್ತಿಯಾಗೆ ಹಿಟ್ಟು ಕಲಸುವ ಮುಂಚೆ
ಕಿಟಕಿಯ ಗಾಜಿಗೆ ಬಡಿದುಕೊಳ್ಳುತ್ತಿದ್ದ ಒಂದನ್ನು
ಬೊಗಸೆಯಲ್ಲಿ ಹಿಡಿದು ಹೊರಗೆ ಬಿಟ್ಟಳು.
ಕೈ ತೊಳೆಯಲಿಲ್ಲ.
ಅಮ್ಮ ನೋಡಿದಳು, ಏನೂ ಅನ್ನಲಿಲ್ಲ.

ನಾನು ಎರಡು ತಿಂದೆ.