ಸೊಂಟ: ಇಪ್ಪತ್ತಾರು

ಕೌಲ್ ಬಜಾರಿನ ಈ ಗಲ್ಲಿಯಲ್ಲಿ ಈಗ ಎಲ್ಲರೂ
ಜೀನ್ಸ್ ಹೊಲಿಯುತ್ತಾರೆ. ನಾನೂ.
ಬಣ್ಣ ಇಳಿಸಿದ ನೀರು ಚರಂಡಿಯಲ್ಲಿ ನೀಲಿಯಾಗಿ ಹರಿದಾಗ
ಕಂಪನಿಯ ಹಿಂಪರದೆ ನೆನಪಾಗುತ್ತದೆ.
ಅದರ ಮೇಲೊಂದು ಯಮುನೆ ಇದ್ದಳು,
ಸುಣ್ಣಕ್ಕೆ ನೀಲಿ ಕಲಸಿ ಬಳಿದವಳು,
ಮಡಿಚಿದಲ್ಲೆಲ್ಲ ಒಡೆದಿದ್ದಳು.

ಆ ಯಮುನೆಯ ಮುಂದೆ ನಿಂತು
ಎರಡೂ ಕೈ ಚಾಚಿ, "ಅಳತಿ ತಗೋ ಮಾಸ್ತರ" ಅಂದಳು
ರೂಪನಗುಡಿಯ ಸುಂಕಮ್ಮ. ಹ್ಯಾಂಡ್‌ಬಿಲ್ಲಿನಲ್ಲಿ
ಮಿಸ್ ಚಾರುಬಾಲಾ.
ವಯಸ್ಸು ಇಪ್ಪತ್ತೆರಡು. ಸೊಂಟ ಇಪ್ಪತ್ತಾರು.
ಬರೆದುಕೊಂಡೆ.
ಸಿಂಪಿಗರ ಪುಸ್ತಕದಲ್ಲಿ ಅಂಕಿ ಮಾತ್ರ ಇರುತ್ತದೆ,
ಉಳಿದದ್ದು ಕತ್ತರಿಗೆ ಗೊತ್ತು.

ದ್ರೌಪದಿ ಅಂದರೆ ಅಳುವ ಪಾತ್ರ ಅಂತ ನಂಬಿದ ಊರು.
ಈಕೆ ಅಳಲಿಲ್ಲ. ಸೆರಗಿಗೆ ಕೈ ಬಿದ್ದಾಗ ನಕ್ಕಳು.
ತಗಡಿನ ಥೇಟರು ತಣ್ಣಗಾಯಿತು.
ಆ ನಗುವಿಗೆ ಒನ್ಸ್ ಮೋರ್ ಬಿತ್ತು, ಮೂರು ಸಲ.
ಮೂರು ಸಲವೂ ದುಶ್ಯಾಸನ, ಅಂದರೆ
ಸಿರುಗುಪ್ಪದ ಗಾದಿಲಿಂಗಪ್ಪ, ಆರಡಿ ಆಳು,
ಸೆರಗು ಬಿಟ್ಟು ಹಿಂದೆ ಹೋಗಿ
ಹೆದರಿ ಹೆದರಿ ಬಂದು ಹಿಡಿದ.

ಒಂದು ಕ್ಯಾಂಪಿಗೆ ಕೃಷ್ಣ, ಮುಂದಿನ ಕ್ಯಾಂಪಿಗೆ ದುರ್ಯೋಧನ.
ಗದೆ ಹೆಗಲಿಗೇರಿಸಿ, ನೆಲದ ಕ್ಲಾಸಿನ ನಡುವಿಂದಲೇ ನಡೆದು,
ಯಾರದೋ ಬಾಯಿಯ ಬೀಡಿ ಕಿತ್ತು ಒಂದು ದಮ್ಮೆಳೆದು
ಮರಳಿ ಅವನ ಬಾಯಿಗಿಟ್ಟು
ಕಂದ ಎತ್ತಿಕೊಂಡಳೆಂದರೆ
ಪೇಟಿ ಮಾಸ್ತರ ಶ್ರುತಿಗೆ ತಡಕಾಡಬೇಕು.
ಜರ್ದಾ, ಹಳದಿ ಫಿಯೆಟ್ಟು,
ಅದಕ್ಕೊಬ್ಬ ಡ್ರೈವರು, ಅವನಿಗೊಂದು ಜರಿಪೇಟ.
ಕನ್ನಡದಲ್ಲಿ ಜಗಳ, ತೆಲುಗಿನಲ್ಲಿ ಲೆಕ್ಕ, ಉರ್ದುವಿನಲ್ಲಿ ಪ್ರೀತಿ.
ಮದುವೆ ಎರಡೋ ಮೂರೋ. ಕೇಳಿದರೆ,
"ರಿಹರ್ಸಲ್ ಲೆಕ್ಕಕ್ಕ ಹಿಡೀಬ್ಯಾಡ."

ಇಪ್ಪತ್ತೊಂಬತ್ತಾದ ವರ್ಷ
ಟೇಪಿನ ಅಂಕಿ ಹೆಬ್ಬೆರಳಿಂದ ಮುಚ್ಚಿದಳು:
"ಇಪ್ಪತ್ತಾರಂತ ಬರಿ."
ಬರೆದೆ. ಟೇಪು ಹೇಳಿದಷ್ಟು ಹೊಲಿದೆ.
ಅಂದಿನಿಂದ ನನ್ನ ಪುಸ್ತಕ ಸುಳ್ಳು, ಬಟ್ಟೆ ನಿಜ.

ಮದ್ರಾಸಿನವರು ಕರೆದರು. ಸ್ಟೇಷನ್ನಿಗೆ ಬ್ಯಾಂಡ್ ಸೆಟ್ಟು,
ತಾನೇ ದುಡ್ಡು ಕೊಟ್ಟು ಗೊತ್ತು ಮಾಡಿದ್ದು,
ಗುಂತಕಲ್ಲಿನ ತನಕ ಊದಿಕೊಂಡೇ ಹೋಯಿತು.

ಸಿನಿಮಾ ಇಲ್ಲಿಗೆ ಬಂತು. ಅರ್ಧ ಬ್ರೂಸ್‌ಪೇಟೆ ಟಾಕೀಸಿನಲ್ಲಿ.
ಪರದೆಯ ಮೇಲೆ ಆಕೆಯ ತುಟಿ ಅಲುಗಿತು,
ಹೊರಬಂದದ್ದು ಯಾರದೋ ಸಕ್ಕರೆಪಾಕ.
ಬಾಲ್ಕನಿಯಿಂದ ಇಳಿದಳು, ದಡದಡ,
ಪರದೆಗೆ ಬೆನ್ನು ಕೊಟ್ಟು ನಿಂತು
ಅದೇ ಮಾತನ್ನು ತನ್ನ ಗಂಟಲಲ್ಲಿ ಆಡಿದಳು.
ಆಕೆಯ ಮುಖದ ಮೇಲೆ ಆಕೆಯದೇ ಮುಖ ಬೀಳುತ್ತಿತ್ತು,
ಒಂದಕ್ಕೊಂದು ಕೂಡುತ್ತಿರಲಿಲ್ಲ.
ಆಪರೇಟರು ರೀಲು ನಿಲ್ಲಿಸಿದ. ಕತ್ತಲಲ್ಲೂ ಆಡಿದಳು.

ಆಮೇಲೆ ನನ್ನ ಅಂಗಡಿಯ ಕಟ್ಟೆ ಮೇಲೆ ಕೂತು:
"ಅಲ್ಲಿ ಒನ್ಸ್ ಮೋರ್ ಅಂದರ
ನೀ ತಪ್ಪಿದಿ ಅಂತ ಅರ್ಥ ಮಾಸ್ತರ.
ಒಂದ ದಿನ ಹನ್ನೊಂದ ಸಲ ತಪ್ಪೀನಿ."
ಸೋಡಾ ತರಿಸಿದೆ. ಕುಡಿಯಲಿಲ್ಲ.

ಕಂಪನಿ ಮುಳುಗಿತು. ತಗಡು ಕೋಳಿ ಫಾರಮ್ಮಿಗೆ,
ಯಮುನೆ ಮೆಣಸಿನಕಾಯಿ ಲಾರಿಯ ಮೇಲೆ ಹೊದಿಕೆ.
ಫಿಯೆಟ್ಟು ಯಾರಿಗೆ ಹೋಯಿತೋ,
ಪೇಟ ಮಾತ್ರ ಡ್ರೈವರನ ಮನೆಯಲ್ಲಿದೆಯಂತೆ.

ಮೊನ್ನೆ ಬಂದಳು. ಎಪ್ಪತ್ತು ದಾಟಿದೆ.
ಖಜಾನೆಯಲ್ಲಿ ಮಾಸಾಶನಕ್ಕೆ ಸಹಿ ಹಾಕಬೇಕಂತೆ,
ಹಾಕಿಕೊಂಡು ಹೋಗಲು ಜೀನ್ಸ್ ಬೇಕಂತೆ,
ಹಿಂಜೇಬಿಗೆ ಜರಿಯ ನವಿಲು.
"ಊರೆಲ್ಲ ಹೊಲೀತದ. ನನಗ್ಯಾಕಿಲ್ಲ?"
ಕೈ ಚಾಚಿದಳು. ಅಳೆದೆ.
ಎಷ್ಟು ಬಂತು ಅಂತ ಹೇಳುವುದಿಲ್ಲ.
ಹಿಂದೆ ಸೊಂಟದ ಪಟ್ಟಿಗೆ ಚರ್ಮದ ಚೀಟಿ ಹೊಲಿಯುತ್ತೇವಲ್ಲ,
ಲೋಕಕ್ಕೆಲ್ಲ ಕಾಣುವ ಹಾಗೆ,
ಅಲ್ಲಿ 26 ಒತ್ತಿದೆ.

ತೊಟ್ಟು ಹೊರಬಿದ್ದಾಗ ಎದುರಿನ ಯೂನಿಟ್ಟಿನಲ್ಲಿ
ಮಿಷನ್ನುಗಳೆಲ್ಲ ನಿಂತವು.
ಹೆಸರೂ ಗೊತ್ತಿಲ್ಲದ ಒಬ್ಬ ಹುಡುಗ ಸೀಟಿ ಹೊಡೆದು,
ಎಲ್ಲಿ ಕಲಿತಿದ್ದನೋ, ಒನ್ಸ್ ಮೋರ್ ಅಂದ.

ನಿಂತಳು. ತಿರುಗಿದಳು. ಮೆಟ್ಟಿಲು ಹತ್ತಿ ಒಳಬಂದು
ಸುಮ್ಮನೆ ನನ್ನ ಮುಖ ನೋಡಿ
ಮತ್ತೆ ಮೊದಲಿಂದ ಹೊರಟಳು.

ಹೊಲಿಗೆ ಕೂಲಿ ಇನ್ನೂ ಕೊಟ್ಟಿಲ್ಲ.