ಬೀಗ ಹಾಕಿದ ಅಕ್ಷರ

ಭಾನುವಾರ ಸಂಜೆ, ಗಾರ್ಡನ್ ಏರಿಯಾದ ಮೂರನೇ ತಿರುವು.
ಶಟರು ಅರ್ಧ ಎಳೆದು, ಪ್ರೆಸ್ಸಿನಲ್ಲಿ ನಾನು,
ಒಂದು ಟೇಬಲ್ ಫ್ಯಾನು, ಹನ್ನೊಂದು ವರ್ಷದ ಈ ಕಂಪ್ಯೂಟರು.
ಲಿನಕ್ಸ್ ಅಪ್‌ಗ್ರೇಡ್ ಅರವತ್ತೆರಡಕ್ಕೆ ಬಂದು ಕೂತಿದೆ,
ಸಕ್ರೆಬೈಲಿನ ಆನೆ ಹೊಳೆಯ ನಡುವೆ ಕೂತ ಹಾಗೆ;
ಎಬ್ಬಿಸಬೇಕಾದ ಮಾವುತ ಊಟಕ್ಕೆ ಹೋಗಿದ್ದಾನೆ.

ಕಪ್ಪು ಪರದೆಯ ಮೇಲೆ ಬಿಳಿ ದೂರು:
ಇದು ಬೇಕಾದರೆ ಅದು ಬೇಕು,
ಅದು ಬರಬೇಕಾದರೆ ಇನ್ನೊಂದು ಹೋಗಬೇಕು,
ಇನ್ನೊಂದು ಹೋಗುವುದಿಲ್ಲ, ಯಾಕೆಂದರೆ
ಅದನ್ನು ಯಾರೋ ಹಿಡಿದಿದ್ದಾರೆ.
ಒಂದೇ ಫೈಲಿಗೆ ಇಬ್ಬರು ವಾರಸುದಾರರು.
ಒಂದು ಒರೆ, ಎರಡು ಕತ್ತಿ.

ಎಲ್ಲರೂ ಮಾಡುವುದನ್ನೇ ನಾನೂ ಮೊದಲು ಮಾಡಿದೆ:
ಅದೇ ಆಜ್ಞೆ ಮತ್ತೊಮ್ಮೆ, ಕೀಲಿಯನ್ನು ಕೊಂಚ ಜೋರಾಗಿ ಕುಟ್ಟಿ.
ಆಮೇಲೆ ಒತ್ತಾಯದ ಆಜ್ಞೆ.
ಆಗಲಿ, ಅಂದಿತು. ಆದರೆ ಜೊತೆಗೆ
ನೂರ ನಲವತ್ತು ಪ್ಯಾಕೇಜು ಕಿತ್ತು ಹಾಕುತ್ತೇನೆ:
ಪ್ರಿಂಟರು, ಪುಟ ಕಟ್ಟುವ ತಂತ್ರಾಂಶ,
ಕೊನೆಗೆ ನೀನು ನೋಡುತ್ತಿರುವ ಈ ಕಿಟಕಿಗಳನ್ನೂ.
ಹೌದೋ, ಅಲ್ಲವೋ?
ನೆಗಡಿಗೆ ಮೂಗು ಕೊಯ್ಯುವ ವೈದ್ಯ!
ಅಲ್ಲ, ಎಂದು ಒತ್ತಿದೆ. ಬೆರಳು ಬೆವೆತಿತ್ತು.
ಬೆಳಗ್ಗೆ ಒಂಬತ್ತಕ್ಕೆ
ಹೊಳೆಹೊನ್ನೂರಿನ ಹಾಲಿನ ಸೊಸೈಟಿಯ ವರದಿ, ಆರುನೂರು ಪ್ರತಿ.

ಹಿಡಿದಿಟ್ಟವುಗಳ ಪಟ್ಟಿ ಕೊಡು, ಅಂದೆ.
ಒಂದೇ ಸಾಲು ಬಂತು. ಹಳೆಯ ಕನ್ನಡ ಫಾಂಟು.
ಈ ಕುರ್ಚಿಯಲ್ಲಿ ನನಗಿಂತ ಮೊದಲು ಕೂತಿದ್ದ
ಫ್ಲೋಸಿಯಕ್ಕನ ಕೈ ಅದು. ಬೇರೆ ಯಾರದ್ದಿರಲು ಸಾಧ್ಯ?

ಫೋನು ಮಾಡಿದೆ. ಸಾಗರದ ಅವಳ ಅಂಗಡಿಯಲ್ಲಿ
ಹೊಲಿಗೆ ಮಿಷನ್ನು ನಿಂತ ಸದ್ದು.
"ಅದನ್ನ ಮುಟ್ಟಬೇಡ ಮಾರಾಯ" ಎಂದಳು ಮೊದಲು,
ಆಮೇಲೆ ನಕ್ಕಳು.
ಬಳ್ಳಿಗಾವಿ ಕಡೆಯ ಷಡಾಕ್ಷರಪ್ಪ ಮೇಷ್ಟ್ರು,
ವರ್ಷಕ್ಕೊಂದು ಶಾಸನದ ಪುಸ್ತಿಕೆ, ನೂರೇ ಪ್ರತಿ,
ಪೆನ್ಶನ್ನಿನ ದುಡ್ಡು.
ಹೆಸರಲ್ಲೇ ಆರಕ್ಷರ ಇಟ್ಟುಕೊಂಡವರಿಗೆ ಇನ್ನೊಂದು ಬೇಕಿತ್ತು:
ಹಳಗನ್ನಡದ ಏೞರೊಳಗೆ ಕೂತಿರುವ ೞ.
ಕಲ್ಲಿನಲ್ಲಿ ಸಾವಿರ ವರ್ಷ ನಿಂತದ್ದು
ನಮ್ಮ ಕಾಗದದಲ್ಲಿ ಖಾಲಿ ಡಬ್ಬಿಯಾಗಿ ಬೀಳುತ್ತಿತ್ತು.
ಪ್ರೂಫಿನಲ್ಲಿ ಪ್ರತಿ ಡಬ್ಬಿಗೂ ಕೆಂಪು ಸುತ್ತು ಹಾಕಿ
ಏನೂ ಹೇಳದೆ ಬಸ್ಸು ಹತ್ತುತ್ತಿದ್ದರಂತೆ ಮೇಷ್ಟ್ರು.
ಅವಳು ಎರಡು ರಾತ್ರಿ ಕೂತು ಆ ಅಕ್ಷರ ಬರೆದು
ಫಾಂಟಿನೊಳಗೆ ಹೊಲಿದು,
ಹೊಸತೇನೂ ಬಂದು ಅಳಿಸದ ಹಾಗೆ ಬೀಗ ಜಡಿದಿದ್ದಳು.

"ಈಗ ಮೇಷ್ಟ್ರು?"
"ಹೋಗಿ ನಾಲ್ಕು ವರ್ಷ ಆಯ್ತಲ್ಲ.
ಬೀಗ ತೆಗೆಯೋದು ಮರ್ತೇಹೋಯ್ತು ನೋಡು."

ಫ್ಯಾನು ಅತ್ತ ತಿರುಗಿ ಇತ್ತ ತಿರುಗಿತು.
ಎರಡು ಗಂಟೆಯಿಂದ ನಾನು ಬೈಯುತ್ತಿದ್ದದ್ದು
ಒಂದು ಕಾವಲನ್ನು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು.
ಅವಳ ಫಾಂಟಿಗೆ ಬೇರೆ ಹೆಸರಿಟ್ಟೆ, ಷಡಾಕ್ಷರ ಎಂದು,
ಬೇರೆ ಕೋಣೆಯಲ್ಲಿ ಇರಿಸಿದೆ. ಬೀಗ ತೆಗೆದೆ.
ಆನೆ ಎದ್ದಿತು. ನೀರು ಕೊಡವಿತು.
ಅರವತ್ತಮೂರು, ಎಪ್ಪತ್ತು, ತೊಂಬತ್ತು...
ಮತ್ತೆ ಚಾಲೂ ಆದಾಗ ಹನ್ನೊಂದೂವರೆ.

ಹೊಸ ಫಾಂಟಿನಲ್ಲಿ ಹೆದರುತ್ತಲೇ ಬರೆದೆ:
ಮೞೆ. ಪೊೞಲ್. ಬಾೞ್.
ಡಬ್ಬಿಯಿಲ್ಲ! ಎಲ್ಲೋ ಇನ್ಯಾರೋ
ಇದೇ ಅಕ್ಷರಕ್ಕೆ ನಿದ್ದೆಗೆಟ್ಟಿದ್ದಾರೆ.
ಬಾಲ ಮಾತ್ರ ಸ್ವಲ್ಪ ಗಿಡ್ಡ.
ಫ್ಲೋಸಿಯಕ್ಕನದು ಉದ್ದ, ತುದಿಯಲ್ಲಿ ಕೈ ನಡುಗಿದ್ದು ಕಾಣುತ್ತದೆ,
ಕತ್ತಲಲ್ಲಿ ಹಾಕಿದ ಹೊಲಿಗೆಯಂತೆ.
ಯಾವುದು ಸರಿ? ಆ ಕಲ್ಲನ್ನು ನಾನು ನೋಡಿಯೇ ಇಲ್ಲ,
ಬಸ್ಸಿಗೆ ಎರಡು ಗಂಟೆ ದಾರಿ.

ಬೆಳಗ್ಗೆ ವರದಿ ಹೊರಬಂತು, ಬಿಸಿ ಬಿಸಿ.
ಹಾಲಿನ ಲೆಕ್ಕದಲ್ಲಿ ೞ ಎಲ್ಲೂ ಬರುವುದಿಲ್ಲ.
ಮಾಲೀಕ ಜಿನದತ್ತಯ್ಯ ಕನ್ನಡಕ ಒರೆಸುತ್ತ ಕೇಳಿದರು,
"ಏನಾಗಿತ್ತೋ ಅದಕ್ಕೆ?"
"ಒಂದಕ್ಷರ ಅಡ್ಡ ಇತ್ತು ಸಾರ್."
"ಹೌದಾ," ಎಂದು ರಸೀದಿ ಪುಸ್ತಕ ಎಳೆದುಕೊಂಡರು,
"ರಾತ್ರಿ ಕೆಲಸದ್ದು ಯಾರ ಹೆಸರಿಗೆ ಬರೆಯೋಣ?"