ಊದುವ ಕೋಣೆ

"ಊದ್ರಿ, ಊದ್ರಿ, ಊದ್ರಿ, ಇನ್ನೂ ಐತೆ, ಬಿಡಬ್ಯಾಡ್ರಿ!"
ದಿನಕ್ಕೆ ಇಪ್ಪತ್ತು ಜನಕ್ಕೆ ಹೀಗೆ ಕೂಗಿ
ಸಂಜೆಗೆ ನನ್ನ ಗಂಟಲೇ ಕಟ್ಟಿರುತ್ತದೆ.
ದಾವಣಗೆರೆಯ ಈ ಆಸ್ಪತ್ರೆಯಲ್ಲಿ, ಎಕ್ಸ್‌ರೇ ಪಕ್ಕ,
ಕಿಟಕಿಯಿಲ್ಲದ ಕೋಣೆ.
ಉಸಿರು ಅಳೆಯುವವಳು ನಾನು.

ಇವತ್ತು ಹನ್ನೊಂದನೆಯವರು ದಸ್ತಗೀರ್ ಸಾಬ್.
ಮೂವತ್ತೆಂಟು ವರ್ಷ ಮಂಡಕ್ಕಿ ಭಟ್ಟಿ.
ಮೂಗಿಗೆ ಕ್ಲಿಪ್ಪು ಹಾಕಿದರೆ ನಕ್ಕರು,
ನಗು ಕೆಮ್ಮಾಯಿತು, ಕೆಮ್ಮು ಮುಗಿಯುವ ತನಕ
ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ.
"ಜಲ್ಮೆಲ್ಲ ಒಲೆ ಊದಿದೋನು ಬೇಟಿ,
ಈ ಪೈಪು ಊದಕ್ಕಾಗಲ್ವ?"

ಆಗಲಿಲ್ಲ.
ಪರದೆಯ ಮೇಲೆ ಗೆರೆ ಒಂದಿಷ್ಟು ಏರಿತು,
ಆಮೇಲೆ ಒದ್ದೆ ಬಟ್ಟೆಯ ಭಾರಕ್ಕೆ ಹಗ್ಗ ಜೋತಂತೆ
ಒಳಬಾಗಿ, ತೆವಳಿಕೊಂಡು ಹೋಯಿತು.

"ಒಳಗೇನಾಗೈತೆ?"
ಡಾಕ್ಟ್ರು ಹೇಳ್ತಾರೆ ಅನ್ನಬೇಕು, ಅದು ನಿಯಮ.
ಆದರೆ ಅವರ ಕೈಚೀಲದಲ್ಲಿ ನನಗೆಂದೇ ತಂದ
ಎರಡು ಸೇರು ಮಂಡಕ್ಕಿ ಇತ್ತು.

ಒಂದು ಹಿಡಿ ಮೇಜಿನ ಮೇಲೆ ಸುರಿದೆ.
ನೋಡಿ ಸಾಹೇಬ್ರೆ, ಇಂಥ ಅರಳು, ಆದರೆ
ಗಸಗಸೆಗಿಂತ ಸಣ್ಣವು,
ಎದೆಯೊಳಗೆ ಮೂವತ್ತು ಕೋಟಿಗೂ ಮೇಲೆ.
ಒಳಗೆ ಬರೀ ಗಾಳಿ. ಸುತ್ತ ಒಂದು ಪೊರೆ.
ಈರುಳ್ಳಿ ಎಸಳಿನ ಪೊರೆ ಬಲ್ಲಿರಲ್ಲ,
ಅದನ್ನು ನೂರು ಪದರ ಸೀಳಿದರೆ ಒಂದು ಪದರದಷ್ಟು ತೆಳು.

ಪೊರೆಯಾಚೆ ರಕ್ತದ ಓಣಿ. ಎಷ್ಟು ಕಿರಿದು ಅಂದರೆ
ಕೆಂಪುಕಣಗಳು ಒಂದರ ಹಿಂದೊಂದು
ಮೈ ಮಡಿಚಿ ನುಸುಳಬೇಕು,
ನಿಮ್ಮ ಬಾಷಾ ನಗರದ ಆಟೋಗಳ ಹಾಗೆ.
ನಾಲ್ಕು ಸೀಟಲ್ಲಿ ಒಂದು ಖಾಲಿಯಾಗಿ ಬರುತ್ತದೆ,
ತುಂಬಿಕೊಂಡು ಹೋಗುತ್ತದೆ.
ಪೊರೆಯ ಪಕ್ಕ ಸಿಗುವುದು ಮುಕ್ಕಾಲು ಸೆಕೆಂಡು.
ಆರೋಗ್ಯವಿದ್ದರೆ ಕಾಲು ಸೆಕೆಂಡೇ ಸಾಕು.

ತಳ್ಳುವವರಿಲ್ಲ, ಕರೆಯುವವರಿಲ್ಲ,
ಟಿಕೆಟ್ಟು ಹರಿಯುವವರಿಲ್ಲ.
ಈ ಕಡೆ ಜಾಸ್ತಿ, ಆ ಕಡೆ ಕಡಿಮೆ, ಅಷ್ಟೇ ಕಾರಣ.
ಆಮ್ಲಜನಕ ಈಚೆಯಿಂದ ಆಚೆಗೆ;
ಕೈ ಕಾಲು ಮಿದುಳು ದುಡಿದು ಉಳಿಸಿದ ಇಂಗಾಲದ ಗಾಳಿ
ಆಚೆಯಿಂದ ಈಚೆಗೆ;
ಅದೇ ಪೊರೆ, ಅದೇ ಗಳಿಗೆ, ಡಿಕ್ಕಿಯಿಲ್ಲ.

"ಹಂಗಾದ್ರೆ ಒಳಗೂ ಒಂದು ಭಟ್ಟಿ ಐತೆ ಅನ್ನು."
ಐತೆ. ಮೂವತ್ತೇಳು ಡಿಗ್ರಿ.
ಸೌದೆ, ನೀವು ಮಧ್ಯಾಹ್ನ ಉಂಡ ಅನ್ನ.

"ನಂದಕ್ಕೇನಾಗೈತೆ?"

ಎರಡು ಕಾಳು ಜೋಡಿಸಿಟ್ಟು ಬೆರಳೊತ್ತಿದೆ.
ಪುಡಿ.
ಗೋಡೆ ಬಿದ್ದಾವೆ ಸಾಹೇಬ್ರೆ. ಹತ್ತು ಕೋಣೆ ಹೋಗಿ
ಒಂದು ಹಜಾರ ಆಗೈತೆ.
"ಜಾಗ ದೊಡ್ಡದಾತಲ್ಲ, ಒಳ್ಳೇದಲ್ವ?"
ಅಲ್ಲ. ಕೊಡೋದು ತಗೊಳೋದು ನಡೆಯೋದು ಗೋಡೆಯಲ್ಲಿ,
ಜಾಗದಲ್ಲಲ್ಲ.
ಗಾಳಿ ಬರುತ್ತದೆ, ಹಜಾರದ ನಡುವೆ ನಿಲ್ಲುತ್ತದೆ,
ಮುಟ್ಟಲು ಯಾರೂ ಸಿಗದೆ ಅಲ್ಲೇ ಹಳಸುತ್ತದೆ.

ಬಹಳ ಹೊತ್ತು ಸುಮ್ಮನಿದ್ದರು.
ಅವರು ಉಸಿರೆಳೆಯುವಾಗ
ಕೊರಳ ಪಕ್ಕದ ಗುಂಡಿಗಳು ಒಳಸೇದುತ್ತಿದ್ದವು.
ಆಮೇಲೆ, ನನಗಲ್ಲ, ಮಂಡಕ್ಕಿಗೆ ಹೇಳುವಂತೆ:
"ನಮ್ ಭಟ್ಟಿಗೂ ಕರಿಬಸಪ್ಪನ ಭಟ್ಟಿಗೂ ಒಂದೇ ಗೋಡೆ.
ಅದ್ರಾಗೊಂದು ಕಿಂಡಿ.
ಉಪ್ಪು, ಬೆಂಕಿಪೊಟ್ಣ, ಬೀಡಿ, ರಂಜಾನಿನಾಗೆ ಖರ್ಜೂರ,
ಅವನ ಮನೆ ಹೋಳಿಗೆ, ಎಲ್ಲಾ ಅದ್ರಾಗೇ.
ಹೋದ ವರ್ಷ ಮಾಲೀಕ್ರು ಗೋಡೆ ಕೆಡವಿ ದೊಡ್ಡದು ಮಾಡಿದ್ರು.
ಮಿಷನ್ ಬಂತು.
ಕರಿಬಸಪ್ಪ ಎಲ್ಲದಾನೋ, ಗೊತ್ತಿಲ್ಲ."

ಮೂರನೇ ಸಲವೂ ಊದಿದರು. ಗೆರೆ ಹಾಗೇ ತೆವಳಿತು.
ಕಾಗದ ಹೊರಬಂತು, ನಾನು ಸಹಿ ಹಾಕಿದೆ.
ಎದ್ದವರು ಬಾಗಿಲ ಬಳಿಯಿಂದ ತಿರುಗಿ ಬಂದು
ಮೇಜಿಗೆ ಬಗ್ಗಿ, ತುಟಿ ಕಿರಿದು ಮಾಡಿ
ಮಂಡಕ್ಕಿಯ ಮೇಲೆ ಒಂದು ಸಲ ಊದಿದರು.

ಎರಡು ಕಾಳು ಉರುಳಿದವು.
ಮೂರನೆಯದು ಅಲುಗಿತು, ನಿಂತಿತು.
"ಇದನ್ನೂ ಬರ್ಕೋ ಬೇಟಿ."

ಹನ್ನೆರಡನೆಯವರನ್ನು ಒಳಗೆ ಕರೆದೆ.